ಏಳು ಎಣಿಸುವುದರೊಳಗೆ

ಬೆಳಗಿನ ಐದೂಮುಕ್ಕಾಲು. ಔರಾದ ತಾಲೂಕಿನ ಎಕಂಬಾದ ಊರಬಾವಿಯ ಕಟ್ಟೆಯ ಮೇಲೆ ಯೇಸಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ದೂರದಿಂದ ನೋಡಿದವರು ಪ್ರಾರ್ಥನೆ ಎಂದುಕೊಳ್ಳಬೇಕು. ಪ್ರಾರ್ಥನೆ ಎದ್ದ ಕೂಡಲೇ ಮುಗಿದಿದೆ. ಈಗ ನಡೆದಿರುವುದು ಹಗ್ಗದ ತಪಾಸಣೆ. ಎಪ್ಪತ್ತು ಅಡಿ ಹಗ್ಗ ಅವರ ಬೆರಳುಗಳ ನಡುವೆ ಗೇಣು ಗೇಣಾಗಿ ಸರಿಯುತ್ತಿದೆ. ಎಲ್ಲಾದರೂ ಒಂದು ಎಳೆ ಎದ್ದಿದ್ದರೆ ಹೆಬ್ಬೆರಳು ಅಲ್ಲೇ ನಿಲ್ಲುತ್ತದೆ.

"ಕಣ್ಣಿಗಿ ಒಮ್ಮೊಮ್ಮೆ ಮೋಸ ಆಗ್ತದ್ರಿ. ಬೆರಳಿಗಿ ಆಗಂಗಿಲ್ಲ," ಎನ್ನುತ್ತಾರೆ, ಕಣ್ಣು ತೆರೆಯದೆಯೇ.

ಬಾವಿಯ ಹೂಳು ತೆಗೆಯುವ ಈ ತಂಡದವರು ಇದನ್ನು ಜೀವದ ಹಗ್ಗ ಎನ್ನುತ್ತಾರೆ. ಒಂದು ತುದಿ ಬಾವಿಗಿಳಿದವನ ಎದೆ, ತೊಡೆಗಳಿಗೆ ಬಿಗಿದ ಪಟ್ಟಿಯಲ್ಲಿ, ಇನ್ನೊಂದು ತುದಿ ಯೇಸಪ್ಪನವರ ಕೈಯಲ್ಲಿ. ಹೂಳಿನ ಬುಟ್ಟಿ ಏರಿಳಿಯಲು ಬೇರೆಯೇ ಹಗ್ಗವಿದೆ, ಬೇರೆಯೇ ರಾಟೆಯಿದೆ. ಆ ರಾಟೆಯನ್ನು ಕೈಯಿಂದ ತಿರುಗಿಸುವವನು ಯುನುಸ. ಮೇಲೆ ಬಂದ ಬುಟ್ಟಿಯನ್ನು ಎಳೆದು ಸುರಿಯುವವರು ಹೀರಾಬಾಯಿ. ಯುನುಸ ಬೇವಿನ ಟೊಂಗೆಗಳ ದೊಡ್ಡದೊಂದು ಕಟ್ಟನ್ನು ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ, ತಳದಲ್ಲಿ ಕೂತ ಕೆಟ್ಟ ಗಾಳಿಯನ್ನು ಕಲಕುತ್ತಿದ್ದಾನೆ. ಅವನ ಕೈ ನಿಂತಿತೋ ಇಲ್ಲವೋ, ಹೀರಾಬಾಯಿ ಉರಿಯುವ ಕಂದೀಲನ್ನು ಇಳಿಬಿಡುತ್ತಾರೆ. ಅದು ತಳದಲ್ಲಿ ಆರಿದರೆ ಅಂದು ಯಾರೂ ಇಳಿಯುವಂತಿಲ್ಲ. ಇವತ್ತು ಉರಿಯುತ್ತಿದೆ. ಇಷ್ಟೆಲ್ಲ ಆಗುವಾಗ ಯಾರೂ ಯಾರಿಗೂ ಒಂದು ಮಾತು ಹೇಳಿಲ್ಲ.

ನಾಲ್ಕನೆಯವನು ಅಮಿತಕುಮಾರ, ಭಾಲ್ಕಿಯವನು, ಮೂವತ್ತೆರಡರ ಪ್ರಾಯ. ಎದೆಯ ಪಟ್ಟಿಯನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತಿದ್ದಾನೆ. ಬಾವಿಗಿಳಿಯುವುದು ಅವನಿಗೆ ಹೊಸತಲ್ಲ, ಹತ್ತು ವರ್ಷದ ಕಸುಬು. ಈ ತಂಡದೊಂದಿಗೆ ಇಳಿಯುವುದು ಮಾತ್ರ ಇವತ್ತೇ ಮೊದಲು. ಇಷ್ಟು ದಿನ ಇಳಿಯುತ್ತಿದ್ದವರು ಹೀರಾಬಾಯಿಯ ಗಂಡ ಮಚ್ಛೇಂದ್ರ. ಅವರು ಮೊಳಕಾಲು ಮುರಿದುಕೊಂಡು ಅಷ್ಟೂರಿನ ಮನೆಯಲ್ಲಿ ಮಲಗಿದ್ದಾರೆ.

"ಯೇಸಪ್ಪಣ್ಣಾ, ಇವತ್ತರೆ ಈ ಹುಡುಗನ್ನ ಇಳಸ್ತೀರೋ, ಇಲ್ಲ ಇವತ್ತೂ ಹಗ್ಗ ಸವರೋದೇ?" ಎಂದು ಕಟ್ಟೆಗೆ ಬಂದವರು ಹಾವಗೆಪ್ಪ, ಊರಿನ ನೀರಿನ ಉಸಾಬರಿ ಹೊತ್ತ ಹಿರಿಯರು. ಅವರ ಅವಸರಕ್ಕೆ ಕಾರಣವಿದೆ. ನೂರಾ ನಲವತ್ತು ಮನೆಗಳಿಗೆ ಕುಡಿಯುವ ನೀರು ಈ ಬಾವಿಯದೇ. ತಳದಲ್ಲಿ ಇನ್ನು ಒಂದಾಳು ಹೂಳು ಉಳಿದಿದೆ, ಸೆಲೆಯ ಬಾಯಿ ಅದರ ಅಡಿಯಲ್ಲಿದೆ. ಪಡುವಣದಲ್ಲಿ ನಾಲ್ಕು ದಿನದಿಂದ ಮೋಡ ಕಟ್ಟುತ್ತಿದೆ. ಸೆಲೆ ತೆರೆಯುವ ಮೊದಲೇ ಮಳೆ ಬಿದ್ದು ಬಾವಿ ತುಂಬಿತೋ, ಮಾಡಿದ್ದೆಲ್ಲ ನೀರುಪಾಲು, ಮತ್ತೆ ಮುಂದಿನ ಬೇಸಿಗೆಯೇ ಗತಿ.

"ಇಳಸ್ತೇವ್ರಿ. ಇವತ್ತು ಅವ ತಯಾರ ಆಗ್ಯಾನ," ಎನ್ನುತ್ತಾರೆ ಯೇಸಪ್ಪ.

"ಎಂಟು ದಿನದ ಹಿಂದೇ ತಯಾರ ಇದ್ನಲ್ರೀ! ಹತ್ತು ವರ್ಷ ಇದೇ ಮಾಡ್ಯಾನಂತ."

"ಅಂವಾ ತಯಾರ ಇದ್ದ. ನಾವು ಅವನಿಗಿ ತಯಾರ ಇದ್ದಿದ್ದಿಲ್ರಿ."

ಹಾವಗೆಪ್ಪ ಮುಖ ಸಿಂಡರಿಸಿ ಬೀಡಿ ಹಚ್ಚುತ್ತಾರೆ.

ಆ ಎಂಟು ದಿನ ಅಮಿತಕುಮಾರನನ್ನು ಯೇಸಪ್ಪ ಮೇಲೆಯೇ ಕೂರಿಸಿದ್ದರು. ಎರಡು ದಿನ ರಾಟೆ ತಿರುಗಿಸು ಎಂದರು, ಎರಡು ದಿನ ಬುಟ್ಟಿ ಸುರಿ ಎಂದರು, ಆಮೇಲೆ ನಾಲ್ಕು ದಿನ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಹಗ್ಗ ಹಿಡಿಸಿದರು. ಕೆಳಗೆ ಇಳಿದವನು ಯುನುಸ. ಭಾರದ ಮೈಯವನು, ಕೆಲಸ ನಿಧಾನ. ಊರಿನವರಿಗೆ ಮೈ ಉರಿಯಿತು. ಅಮಿತಕುಮಾರನಿಗೂ ಉರಿಯಿತು, ಉಸ್ತಾದನಾಗಿ ಬಂದವನನ್ನು ಕೂಲಿಯವನ ಹಾಗೆ ಕೂರಿಸಿದರೆ ಯಾರಿಗೆ ತಾನೇ ಸೇರೀತು?

ಯೇಸಪ್ಪನವರದು ಒಂದೇ ಪಟ್ಟು. "ಎಲ್ಲಾ ಜಾಗಾದಾಗೂ ಒಮ್ಮೆ ಕುಂತು ನೋಡಬೇಕ್ರಿ. ಮ್ಯಾಲಿನವನಿಗಿ ಕೆಳಗಿನ ಕತ್ತಲಿ ಗೊತ್ತಿರಬೇಕು. ಕೆಳಗಿನವನಿಗಿ ಮ್ಯಾಲಿನ ಕಿವಿ ಗೊತ್ತಿರಬೇಕು. ಒಬ್ಬೊಬ್ಬರೇ ಶ್ಯಾಣ್ಯಾ ಇದ್ರ ಏನೂ ಆಗಂಗಿಲ್ಲ."

ಐದನೇ ದಿನ ಅಮಿತಕುಮಾರ ತಡೆಯಲಾರದೆ ಕೇಳಿಬಿಟ್ಟ. "ಎಲ್ಲಾ ಜಾಗಾ ಅಂತೀರಿ ಕಾಕಾ. ಈ ನಾಕೈದು ದಿನದಾಗ ನೀವೊಮ್ಮೆನೂ ಕೆಳಗ ಇಳಿದಿಲ್ಲಲ್ರಿ?"

ರಾಟೆ ತಿರುಗಿಸುತ್ತಿದ್ದ ಹೀರಾಬಾಯಿಯ ಕೈ ನಿಂತಿತು. ಅವರು ಅಮಿತಕುಮಾರನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಯೇಸಪ್ಪ "ಹಗ್ಗ ನೋಡು," ಎಂದಷ್ಟೇ ಹೇಳಿದರು. ಅಂದು ಸಂಜೆ ಬೀಡುಬಿಟ್ಟಿದ್ದ ಶಾಲೆಯ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತ ಹೀರಾಬಾಯಿಯೇ ಅವನಿಗೆ ಯೇಸಪ್ಪನವರ ತಮ್ಮ ಕ್ರಿಸ್ಟೋಫರನ ಕಥೆ ಹೇಳಿದರು.

ಯೇಸಪ್ಪನವರಿಗೆ ಈಗ ಐವತ್ತೆಂಟು. ಮನೆ ಬೀದರಿನ ಮೈಲೂರಿನಲ್ಲಿ. ಹೆಂಡತಿ ಆನಂದಮ್ಮ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಾರೆ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಬಾವಿ ಎಂದು ಕೇಳಿದರೆ, ಮುನ್ನೂರು ದಾಟಿದ ಮೇಲೆ ಲೆಕ್ಕ ಬಿಟ್ಟೆ ಎಂದು ನಗುತ್ತಾರೆ. ದಿನಕ್ಕೆ ಎಂಬತ್ತು ಬುಟ್ಟಿ, ಬುಟ್ಟಿಗೆ ಇಪ್ಪತ್ತೈದು ಕಿಲೋ ಹೂಳು. ಎಂಜಿನ್ನಿನ ಕ್ರೇನು ತಂದರೆ ಇದರ ಮೂರು ಪಟ್ಟು ಎತ್ತಬಹುದು, ಆದರೆ ಅವರು ತರುವುದಿಲ್ಲ. "ಎಂಜಿನ್ ಗದ್ದಲದಾಗ ಕೆಳಗಿನವನ ದನಿ ಕೇಳ್ಸಂಗಿಲ್ರಿ" ಎನ್ನುತ್ತಾರೆ. ನೀರು ಕುಡಿಯುವ ನಾವು ಬಾವಿಯ ತಳವನ್ನು ನೆನೆಯುವುದು ಯಾವಾಗ? ಅಲ್ಲಿಗೆ ಇಳಿದವನ ದನಿಯ ಮಾತಂತೂ ದೂರ ಉಳಿಯಿತು.

ಹದಿನಾಲ್ಕು ವರ್ಷದ ಹಿಂದೆ ಭಾಲ್ಕಿ ತಾಲೂಕಿನ ಒಂದು ಊರಿನಲ್ಲಿ ಗುತ್ತಿಗೆದಾರನೊಬ್ಬ ಮೂರು ತಂಡಗಳಿಂದ ಒಬ್ಬೊಬ್ಬ ಉಸ್ತಾದನನ್ನು ಆರಿಸಿ ತಂದ. ಕೆಳಗೆ ಇಳಿದವನು ಯೇಸಪ್ಪನವರ ತಮ್ಮ ಕ್ರಿಸ್ಟೋಫರ. ಅವನಷ್ಟು ಚುರುಕಾಗಿ ಕೆಲಸ ಮಾಡುವವನು ಜಿಲ್ಲೆಯಲ್ಲೇ ಇರಲಿಲ್ಲ ಎನ್ನುತ್ತಾರೆ. ರಾಟೆ ಯೇಸಪ್ಪನವರ ಕೈಯಲ್ಲಿ. ಜೀವದ ಹಗ್ಗ ಅಬ್ದುಲ ಮಜೀದರ ಕೈಯಲ್ಲಿ. ಆ ಮಜೀದರೇ ಯುನುಸನ ತಂದೆ. ಯೇಸಪ್ಪನವರು ಕಲಿತ ಪದ್ಧತಿಯಲ್ಲಿ ಕೆಳಗಿನವನ ದನಿಗೆ ಕಿವಿ ಕೊಡಬೇಕಾದವನು ಜೀವದ ಹಗ್ಗ ಹಿಡಿದವನು. ಮಜೀದರು ಕಲಿತ ಪದ್ಧತಿಯಲ್ಲಿ ಅದು ರಾಟೆಯವನ ಕೆಲಸ, ಹಗ್ಗದವನು ಗಂಟು ಕಾಯ್ದರೆ ಸಾಕು. ಇಬ್ಬರೂ ತಮ್ಮ ಕೆಲಸವನ್ನು ಕಿಂಚಿತ್ತೂ ತಪ್ಪದೆ ಮಾಡಿದರು. ನಡುವೆ ಕ್ರಿಸ್ಟೋಫರನ ದನಿ ನಿಂತುಹೋಯಿತು.

"ಅವ ಕೇಳ್ತಾನ ಅಂತ ನಾ. ನಾ ಕೇಳ್ತೇನಿ ಅಂತ ಅವ. ಎಷ್ಟು ಹೊತ್ತು ಆಗಿತ್ತೋ ಏನೋ, ಬುಟ್ಟಿ ಖಾಲಿ ಬಂತು ನೋಡ್ರಿ. ಆವಾಗ ತಿಳೀತು," ಎನ್ನುವಾಗ ಯೇಸಪ್ಪನವರ ಕೈ ತಾನಾಗಿ ಹಗ್ಗವನ್ನು ಹುಡುಕುತ್ತದೆ. "ಮ್ಯಾಲ ತಂದಾಗ ಮೈ ಇನ್ನಾ ಬೆಚ್ಚಗ ಇತ್ರಿ."

ಆರು ತಿಂಗಳಾದ ಮೇಲೆ ಮಜೀದರು ಮೈಲೂರಿಗೆ ಬಂದು ಹೊಸ್ತಿಲಲ್ಲಿ ಕೂತರು. ಆನಂದಮ್ಮ ಕೊಟ್ಟ ಚಹಾ ಆರಿತು, ಇನ್ನೊಮ್ಮೆ ಕಾಸಿ ಕೊಟ್ಟರು, ಅದೂ ಆರಿತು. ಕೊನೆಗೆ ಮಜೀದರು ಬಾಯಿಬಿಟ್ಟರು: "ಯೇಸಪ್ಪಾ, ಅವತ್ತು ಮುಂಜಾನಿ ನಾವಿಬ್ರೂ ಒಂದೇ ಒಂದು ಮಾತು ಕೇಳ್ಕೋಬೇಕಿತ್ತಲ್ಲೋ." ಇಬ್ಬರೂ ಅತ್ತರು. ಅವತ್ತೇ ಈ ತಂಡ ಹುಟ್ಟಿತು. ಮೂರು ವರ್ಷದ ಹಿಂದೆ ಮಜೀದರು ತೀರಿಕೊಂಡರು, ರಾಟೆ ಮಗನ ಕೈಗೆ ಬಂತು.

ಅಂದಿನಿಂದ ಈ ತಂಡದ ಕಟ್ಟಳೆ ಇದು: ಕೆಳಗಿಳಿದವನು ಬಾಯಿ ಮುಚ್ಚುವಂತಿಲ್ಲ. ಹಾಡಲಿ, ಬೈಯಲಿ, ಹೆಂಡತಿಯ ಮೇಲೆ ದೂರು ಹೇಳಲಿ, ಏನಾದರೂ ಒದರುತ್ತಿರಬೇಕು. ತುಂಬಿದ ಬುಟ್ಟಿಯ ಸಂಖ್ಯೆಯನ್ನು ಕೂಗಬೇಕು, ಮೇಲಿನ ಮೂವರೂ ಅದನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಬೇಕು. ದನಿ ನಿಂತರೆ ಏಳರವರೆಗೆ ಎಣಿಕೆ. ಏಳು ಆಯಿತೋ, ಕೇಳದೆ, ಕಾಯದೆ ಎಳೆಯುವುದು. ಸುಮ್ಮನೆ ಎಳೆದಿರಿ ಎಂದು ಯಾರೂ ಯಾರನ್ನೂ ಬೈಯುವಂತಿಲ್ಲ.

ಅಮಿತಕುಮಾರನಿಗೆ ಕಷ್ಟವಾದದ್ದು ಇದೇ. ಭಾಲ್ಕಿಯಲ್ಲಿ ಅವನಿಗೆ ಕಸುಬು ಕಲಿಸಿದ ಉಸ್ತಾದ, ಬಾವಿಯೊಳಗೆ ಮಾತಾಡಿದರೆ ಉಸಿರು ಹಾಳು ಎಂದು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ. ಮಾತಾಡದೆ ದುಡಿಯುವುದು ಹತ್ತು ವರ್ಷದ ರೂಢಿ, ಎಂಟು ದಿನಕ್ಕೆ ಹೋಗುತ್ತದೆಯೇ?

ಆರೂವರೆಗೆ ಅವನು ಇಳಿಯುತ್ತಾನೆ. ಐವತ್ತೈದು ಅಡಿ ಕೆಳಗಿನಿಂದ ಸ್ವಲ್ಪ ನಾಚಿಕೆಯ ದನಿ ಬರುತ್ತದೆ: "ಮುಟ್ಟೀನ್ರಿ. ರಾಡಿ ಮೊಳಕಾಲ ಮಟ ಅದ. ಒಂದೂ..." ಎರಡು, ಮೂರು, ನಾಲ್ಕು. ಬುಟ್ಟಿ ಏರುತ್ತದೆ, ಇಳಿಯುತ್ತದೆ. ಒಂಬತ್ತನೇ ಬುಟ್ಟಿಯ ನಂತರ ದನಿ ಇಲ್ಲ.

ಯೇಸಪ್ಪನವರ ತುಟಿ ಅಲುಗುತ್ತದೆ. ಒಂದು, ಎರಡು, ಮೂರು. ಹೀರಾಬಾಯಿ ಕೈಯ ಬುಟ್ಟಿ ಬಿಟ್ಟು ಹಗ್ಗದ ಕಡೆ ತಿರುಗುತ್ತಾರೆ. ಐದು, ಆರು. ಯುನುಸ ರಾಟೆಗೆ ಅಗಳಿ ಹಾಕುತ್ತಾನೆ. ಏಳು. ಮೂವರೂ ಒಟ್ಟಿಗೆ ಹಗ್ಗಕ್ಕೆ ಬಿದ್ದು ಎಳೆಯುತ್ತಾರೆ. ಕಟ್ಟೆಯ ಅಂಚಿಗೆ ಬಂದ ಅಮಿತಕುಮಾರನ ಮೈಯೆಲ್ಲ ಕೆಸರು, ಕಣ್ಣಲ್ಲಿ ಬೆಂಕಿ.

"ಯಾಕ ಎಳದ್ರಿ? ಏನಾಗ್ಯಾದ ನನಗ? ಕಲ್ಲು ಕೀಳ್ಲತ್ತಿದ್ದೆ!"

ಸುತ್ತ ನಿಂತವರು ನಕ್ಕರು. ಹಾವಗೆಪ್ಪ ಬೀಡಿ ಎಸೆದರು. "ಹಿಂಗ ಆದ್ರ ಮಳಿಗಾಲ ಮುಗಿದ್ರೂ ಸೆಲಿ ಸಿಗಂಗಿಲ್ಲ, ಯೇಸಪ್ಪಣ್ಣಾ."

ಯೇಸಪ್ಪ ಅಮಿತಕುಮಾರನ ಮುಖದ ಕೆಸರನ್ನು ತಮ್ಮ ಹೆಗಲ ಮೇಲಿನ ಟವೆಲಿನಿಂದ ಒರೆಸಿ, ನೀರು ಕುಡಿಸಿ, "ಕಲ್ಲು ಕೀಳೋದು ನಮಗ ಕಾಣ್ಸಂಗಿಲ್ಲಪಾ. ಕಲ್ಲು ಕೀಳ್ಲತ್ತೀನಿ ಅಂತ ಬಾಯಿಲೆ ಹೇಳು," ಎಂದರು. ಅವನು ಹಲ್ಲು ಕಚ್ಚಿಕೊಂಡು ಮತ್ತೆ ಇಳಿದ.

ಈ ಸಲ ಸಿಟ್ಟಿಗೆ ಬಾಯಿ ಬಿಟ್ಟುಕೊಂಡ. "ಕಲ್ಲು ಕೀಳ್ಲತ್ತೀನ್ರಿ! ಸಲಿಕಿ ಎತ್ತಲತ್ತೀನ್ರಿ! ಈಗ ಬೆನ್ನು ಕೆರ್ಕೊಳ್ಲತ್ತೀನ್ರಿ, ಕೇಳ್ತೇನು?" ಹೀರಾಬಾಯಿ ಸೆರಗು ಬಾಯಿಗಿಟ್ಟು ನಕ್ಕರು. ಯೇಸಪ್ಪ ಮಾತ್ರ ನಗಲಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಅವನನ್ನು ಮೇಲೆ ತಂದು ಗಾಳಿ ಕುಡಿಸಿ ಇಳಿಸುತ್ತ ಹನ್ನೊಂದು ಗಂಟೆಯಾಯಿತು. ಮೋಡ ನೆತ್ತಿಯ ಹತ್ತಿರ ಬಂದಿತ್ತು. ಹೂಳಿನ ಬಣ್ಣ ಕಂದಿನಿಂದ ಕಪ್ಪಿಗೆ ತಿರುಗಿತು, ಕೊಳೆತ ವಾಸನೆ ಮೇಲಿನವರೆಗೂ ಬಂತು. ಕಂದೀಲು ಇನ್ನೂ ಉರಿಯುತ್ತಲೇ ಇತ್ತು, ಆದರೆ ಅದು ನೇತಾಡುತ್ತಿದ್ದುದು ಎದೆಯ ಎತ್ತರದಲ್ಲಿ. ಅಮಿತಕುಮಾರ ಮುಖವನ್ನು ಕೆಸರಿನ ಹತ್ತಿರ ಬಗ್ಗಿಸಿ ಅಗೆಯುತ್ತಿದ್ದ.

"ನಲವತ್ತೆರಡೂ..." ಬುಟ್ಟಿ ಬಂತು, ಸುರಿಯಿತು, ಹೋಯಿತು. "ನಲವತ್ತಮೂರೂ..." ಬಂತು, ಸುರಿಯಿತು, ಹೋಯಿತು.

ಮುಂದಿನ ದನಿ ಹಾಯಾಗಿಯೇ ಇತ್ತು, ಹಾಡಿನ ಹಾಗೆ ಎಳೆದುಕೊಂಡು ಬಂತು. "ನಲವತ್ತೊಂದೂ..."

ದನಿ ನಿಂತಿರಲಿಲ್ಲ. ಏಳು ಎಣಿಸಲು ಕಾರಣವೇ ಇರಲಿಲ್ಲ. ಸುತ್ತಲಿನ ಊರಿನವರಿಗೆ ಏನೂ ಅನಿಸಲಿಲ್ಲ. ಆದರೆ ಹೀರಾಬಾಯಿಯ ಕೈ ಗಾಳಿಯಲ್ಲೇ ನಿಂತಿತು, ಅದೇ ಗಳಿಗೆಯಲ್ಲಿ ಯುನುಸನ ಅಗಳಿ ಖಟ್ ಎಂದು ಬಿತ್ತು, ಯೇಸಪ್ಪ ಆಗಲೇ ಎದ್ದು ಕಾಲೂರಿ ಎಳೆಯಲು ತೊಡಗಿದ್ದರು. ಎಳಿ ಎಂದು ಯಾರೂ ಕೂಗಲಿಲ್ಲ. ಕೆಟ್ಟ ಗಾಳಿ ಮೊದಲು ಕದಿಯುವುದು ಲೆಕ್ಕವನ್ನು, ದನಿಯನ್ನು ಆಮೇಲೆ. ಮೂವರಿಗೂ ಅದು ಗೊತ್ತಿತ್ತು. ಅರ್ಧಕ್ಕೆ ಬರುವಾಗ ಹಗ್ಗ ಒಮ್ಮೆಲೇ ಭಾರವಾಯಿತು. ಕೆಳಗಿನವನು ಕೈಕಾಲು ಬಿಟ್ಟಿದ್ದ. ಹಾವಗೆಪ್ಪನವರ ಬಾಯಿಂದ "ಅಯ್ಯೋ ಬಸವಾ" ಎಂಬ ಉದ್ಗಾರ ಬಂತು. ಅವರೂ ಓಡಿಬಂದು ಹಗ್ಗದ ಬಾಲ ಹಿಡಿದರು.

ಕಟ್ಟೆಯ ಮೇಲೆ ಮಲಗಿಸಿದಾಗ ಅಮಿತಕುಮಾರನ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಯುನುಸ ಅವನನ್ನು ಪಕ್ಕಕ್ಕೆ ಹೊರಳಿಸಿ ಬಾಯಿಯ ಕೆಸರು ತೆಗೆದ, ಹೀರಾಬಾಯಿ ಪಟ್ಟಿ ಬಿಚ್ಚಿದರು. ಯೇಸಪ್ಪ ಅವನ ಎದೆಯ ಮೇಲೆ ಅಂಗೈ ಇಟ್ಟು ಕೂತಿದ್ದರು, ಮತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಈ ಸಲದ್ದು ಪ್ರಾರ್ಥನೆಯೇ. ಒಂದು ಕೆಮ್ಮು ಬಂತು. ಆಮೇಲೆ ಇನ್ನೊಂದು ಬಂತು. ಹೀರಾಬಾಯಿ ಅಲ್ಲೇ ಕುಸಿದು ಕೂತು, "ಸತ್ತು ಹುಟ್ದೆಲ್ಲೋ ಭಾಡ್ಯಾ," ಎಂದು ಬೈದು ಅತ್ತರು.

ಅವನನ್ನು ಔರಾದಿನ ಆಸ್ಪತ್ರೆಗೆ ಒಯ್ದರು. ಅಲ್ಲಿ ಸಂಜೆಯವರೆಗೆ ಇರಿಸಿಕೊಂಡು ಕಳಿಸಿದರು. ಹೊರಡುವಾಗ ವೈದ್ಯರು, ಇನ್ನೆರಡು ನಿಮಿಷ ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಜೀಪಿನಲ್ಲಿ ಬರುವಾಗ ಅಮಿತಕುಮಾರ ಕೇಳಿದ, "ಕಾಕಾ, ನಾ ಲೆಕ್ಕಾ ತಪ್ಪೀನಿ ಅಂತ ನನಗೇ ಗೊತ್ತಿದ್ದಿಲ್ಲ. ನಿಮಗ ಹ್ಯಾಂಗ ಗೊತ್ತಾಯ್ತು?"

"ನಿನ್ನ ಲೆಕ್ಕಾ ನಮ್ಮ ಮೂರೂ ಮಂದಿ ತಲ್ಯಾಗ ಇತ್ತಲ್ಲಪಾ," ಎಂದರು ಯೇಸಪ್ಪ.

ಮರುದಿನ ಬೆಳಗಿನ ಐದೂಮುಕ್ಕಾಲು. ಮೋಡ ಬಾವಿಯ ಮೇಲೆಯೇ ನಿಂತಿದೆ. ಹಾವಗೆಪ್ಪ ಇವತ್ತು ಅವಸರ ಮಾಡುತ್ತಿಲ್ಲ. ನಿನ್ನೆ ಸಂಜೆಯೇ ಬೀದರಿನಿಂದ ಗಾಳಿ ಊದುವ ಪಂಖಾ ಒಂದನ್ನು ಬಾಡಿಗೆಗೆ ತರಿಸಿ, ರಾತ್ರಿಯಿಡೀ ಬಾವಿಯೊಳಗೆ ಗಾಳಿ ಬಿಡಿಸಿದ್ದಾರೆ. ಕಂದೀಲು ಈ ಸಲ ಕೆಸರಿಗೆ ಒಂದು ಗೇಣಷ್ಟೇ ಮೇಲೆ ಉರಿಯುತ್ತಿದೆ. ಉಳಿದಿರುವುದು ಮೂವತ್ತು ಬುಟ್ಟಿ. ಅಮಿತಕುಮಾರ ಇಳಿಯುವಂತಿಲ್ಲ. ಯುನುಸ ನಿನ್ನೆಯ ಎಳೆತದಲ್ಲಿ ಹೆಗಲು ಉಳುಕಿಸಿಕೊಂಡಿದ್ದಾನೆ. ಇನ್ನೊಂದು ಕೈಯಿಂದ ರಾಟೆ ತಿರುಗಿಸಬಲ್ಲ, ಸಲಿಕೆ ಹಿಡಿಯಲಾರ.

ಯೇಸಪ್ಪ ಪಟ್ಟಿಯನ್ನು ಎತ್ತಿಕೊಂಡು ತಮ್ಮ ಎದೆಗೆ ಬಿಗಿಯುತ್ತಾರೆ. ಹೀರಾಬಾಯಿ ಬುಟ್ಟಿ ಕೆಳಗಿಟ್ಟು ಅವರತ್ತ ತಿರುಗುತ್ತಾರೆ. ಹದಿನಾಲ್ಕು ವರ್ಷದಲ್ಲಿ ಈ ಮನುಷ್ಯ ಬಾವಿಗೆ ಇಳಿದದ್ದನ್ನು ಅವರು ಕಂಡಿಲ್ಲ.

ಜೀವದ ಹಗ್ಗವನ್ನು ಯೇಸಪ್ಪ ಅಮಿತಕುಮಾರನ ಕೈಗೆ ಕೊಡುತ್ತಾರೆ. ಅವನು ಅದನ್ನು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ, ಗೇಣು ಗೇಣಾಗಿ ಮುಟ್ಟಿ ನೋಡುತ್ತಾನೆ. ಮುಗಿಯುವವರೆಗೆ ಎಲ್ಲರೂ ಕಾಯುತ್ತಾರೆ.

"ಆಸಿ ಏನ್ರಿ ನಿಮ್ದು?" ಎಂದು ಹಾವಗೆಪ್ಪ ಕೇಳುತ್ತಾರೆ. ಯೇಸಪ್ಪ ಕಟ್ಟೆಯಿಂದ ಕಾಲು ಇಳಿಬಿಡುತ್ತಾರೆ. "ದೊಡ್ಡದು ಏನೂ ಇಲ್ರಿ. ನಾ ಕೆಳಗ ಇದ್ದಾಗ ಮ್ಯಾಲ ಕೇಳೋರು ಇರ್ಲಿ. ಅಷ್ಟ ಸಾಕು." ಮರುಕ್ಷಣ ಅವರ ತಲೆ ಕತ್ತಲೆಯಲ್ಲಿ ಮರೆಯಾಗುತ್ತದೆ.

"ಮುಟ್ಟೀನಿ," ಎಂಬ ದನಿ ಬರುತ್ತದೆ. "ತಂಪದ. ಕಾಲಿಗಿ ಕಲ್ಲು ಹತ್ಲತ್ತದ. ಒಂದೂ..." ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತಾರನೇ ಬುಟ್ಟಿಗೆ ಹೂಳಿನ ಜೊತೆ ತಿಳಿನೀರು ಬರುತ್ತದೆ. "ಸೆಲಿ ಬಿಚ್ತು ನೋಡ್ರೋ! ಕಾಲ ಬಲ್ಲಿ ಉಕ್ಲತ್ತದ!" ಕಟ್ಟೆಯ ಸುತ್ತ ಜನ ಕೂಗಿಕೊಳ್ಳುತ್ತಾರೆ. ಹಾವಗೆಪ್ಪ ಕೈಯೆತ್ತಿ ಅವರನ್ನು ಸುಮ್ಮನಾಗಿಸುತ್ತಾರೆ.

ಏಕೆಂದರೆ ಕೆಳಗಿನ ದನಿ ನಿಂತಿದೆ.

ಒಂದು. ಎರಡು. ಅಮಿತಕುಮಾರ ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತಾನೆ. ಮೂರು. ಹೀರಾಬಾಯಿ ಅವನ ಬೆನ್ನ ಹಿಂದೆ ಬಂದು ನಿಂತಾಗಿದೆ. ನಾಲ್ಕು. ಅಗಳಿ ಬಿದ್ದಿದೆ. ಐದು. ಆರು.

"ಎಳೀಬ್ಯಾಡ್ರೋ," ಎಂದು ಕೆಳಗಿನಿಂದ ಒಡೆದ ದನಿ ಬರುತ್ತದೆ. "ಛಲೋ ಇದ್ದೇನಿ. ಕ್ರಿಸ್ಟೋಫರ ನೆನಪಾದ. ಅಳ್ಲತ್ತೀನಿ, ಅಷ್ಟ."

ಅಮಿತಕುಮಾರ ಬಾವಿಯ ಬಾಯಿಗೆ ಬಗ್ಗುತ್ತಾನೆ. ಮುಂಗೈಗೆ ಸುತ್ತಿದ ಹಗ್ಗವನ್ನು ಅವನು ಬಿಚ್ಚಿಲ್ಲ.

"ಅಳ್ರಿ ಕಾಕಾ," ಎಂದು ಕೂಗುತ್ತಾನೆ. "ಆದ್ರ ಜೋರ್ಲೆ ಅಳ್ರಿ. ನನಗ ಕೇಳ್ಬೇಕು."